ಬೇಲಿಯಡಿಯ ಬೊಳ್ಳಿ

2024ರ ಜೂನ್. ಶಾಲೆ ಶುರುವಾಗಿ ಎರಡನೇ ವಾರ. ಬೆಳಿಗ್ಗೆ ಒಂಬತ್ತೂಕಾಲಿನ ಬಸ್ಸಿಗೆ ಕೊಡೆ ಹಿಡಿದು ನಿಂತಿದ್ದೆ. ಜೋರು ಮಳೆ. ರಸ್ತೆಯ ಆಚೆ ಬದಿಯಲ್ಲಿ ನಮ್ಮ ನಾಯಿ ಬೊಳ್ಳಿ ಕಂಡಳು. ಮೈತುಂಬ ಕೆಂಪು ಕೆಸರು. ಮೂಗಿನ ಮೇಲೂ ಮಣ್ಣು ಅಂಟಿತ್ತು. ನನ್ನನ್ನು ಕಂಡದ್ದೇ ಬಾಲ ಅಲ್ಲಾಡಿಸಿದಳು. "ಬೊಳ್ಳೀ, ಅಲ್ಲೇ ನಿಲ್ಲು" ಅಂತ ಕಿರುಚಿದೆ. ನಾನು ಹೆಸರು ಕರೆದರೆ ಅವಳಿಗೆ ಒಂದೇ ಅರ್ಥ. ಓಡಿ ಬಂದಳು. ಇಳಿಜಾರಿನಲ್ಲಿ ಬರುತ್ತಿದ್ದ ಬೈಕಿನ ಹುಡುಗ ಬ್ರೇಕ್ ಹಾಕಿದ, ಬೈಕು ಜಾರಿತು, ಅವಳ ಹಿಂಗಾಲಿಗೆ ಬಡಿಯಿತು. ಹುಡುಗನ ಮೊಣಕೈ ತರಚಿ ರಕ್ತ ಬಂತು. ಪಾಪ, ಅವನದ್ದು ಏನೂ ತಪ್ಪಿರಲಿಲ್ಲ.

ಆಟೋದಲ್ಲಿ ಅವಳನ್ನು ಮಡಿಲಲ್ಲಿ ಹಾಕಿಕೊಂಡು ಮೃಗಾಸ್ಪತ್ರೆಗೆ ಹೋಗುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಗೇಟು ಹಾಕಿದ್ದೆ. ಸುತ್ತ ಪಾಗಾರದ ಗೋಡೆ ಇದೆ, ಹಿಂದೆ ಬಲೆ ಇದೆ. ಇವಳು ಎಲ್ಲಿಂದ ಬಂದಳು?

ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿದರು. ಆಟಿ ತಿಂಗಳು ಪೂರ್ತಿ ಅವಳು ಚಾವಡಿಯ ಮೂಲೆಯಲ್ಲಿ ಗೋಣಿ ಹಾಸಿಕೊಂಡು ಮಲಗಿದಳು. ಈಗ ಓಡುತ್ತಾಳೆ, ಹಾರುತ್ತಾಳೆ. ಮಳೆ ಬರುವ ಮೊದಲು ಮಾತ್ರ ಆ ಕಾಲನ್ನು ಸ್ವಲ್ಪ ಎತ್ತಿ ನಡೆಯುತ್ತಾಳೆ.

ಅವತ್ತಿನಿಂದ ಇವತ್ತಿನವರೆಗೆ ನಾನು ಬೇಲಿಯ ಹಿಂದೆ ಬಿದ್ದಿದ್ದೇನೆ. ನಮ್ಮ ಶಾಲೆಯ ಮಕ್ಕಳ ಅಮ್ಮಂದಿರು ಎರಡು ಮೂರು ಜನ ಕೇಳಿದರು, "ಟೀಚರೇ, ನಮ್ಮ ನಾಯಿಯೂ ಹಿತ್ತಿಲಿನಿಂದ ಓಡಿ ಹೋಗ್ತದೆ, ಏನು ಮಾಡುವುದು?" ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಒಂದೇ ಕಡೆ ಬರೆದಿಡುತ್ತೇನೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಸೀತಾಂಗೋಳಿಯ ಹತ್ತಿರ. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯಿಂದ ನಡೆದರೆ ಐದು ನಿಮಿಷ. ಇಪ್ಪತ್ತೆರಡು ಸೆಂಟ್ಸ್ ಜಾಗ. ಎದುರಿಗೂ ಎರಡು ಬದಿಗೂ ಮುರಕಲ್ಲಿನ, ಅಂದರೆ ಕೆಂಪು ಕಲ್ಲಿನ ಪಾಗಾರ, ನಾಲ್ಕು ಅಡಿ ಎತ್ತರ. ಹಿಂದಿನ ಬದಿಗೆ ಪಾಗಾರ ಕಟ್ಟಲು ದುಡ್ಡು ಸಾಲಲಿಲ್ಲ. ಅಲ್ಲಿ ಐದು ಅಡಿಯ ಚೈನ್‌ಲಿಂಕ್ ಬಲೆ ಹಾಕಿಸಿದೆವು. ಬಲೆಯ ಆಚೆ ಅಡಕೆ ತೋಟ, ಆಮೇಲೆ ನೀರು ಹರಿಯುವ ತೋಡು. ತೋಡು ದಾಟಿದರೆ ನೆರೆಯವರಾದ ಇಚ್ಚನ ಮನೆ, ಅವರ ಕೋಳಿಗಳು.

ನಾಯಿಗಳು ಎರಡು, ಎರಡೂ ಊರ ನಾಯಿಗಳೇ. ಕರಿಯ 2020ರ ಲಾಕ್‌ಡೌನಿನಲ್ಲಿ ತಾನಾಗಿ ಬಂದವನು. ಹೋಟೆಲುಗಳು ಮುಚ್ಚಿ ಬಸ್‌ಸ್ಟಾಪಿನ ನಾಯಿಗಳಿಗೆ ತಿನ್ನಲು ಏನೂ ಇಲ್ಲದ ದಿನಗಳು. ಬೊಳ್ಳಿಯನ್ನು ತಂದದ್ದು 2022ರ ಅಕ್ಟೋಬರಿನಲ್ಲಿ, ಅನಂತಪುರ ಕೆರೆಯ ಮೊಸಳೆ ಬಬಿಯ ತೀರಿಕೊಂಡ ವಾರ. ನಮ್ಮ ಕಡೆ ಆ ವಾರ ಯಾರಿಗೂ ಮರೆಯುವುದಿಲ್ಲ. ಆಗ ಇವಳು ಒಂದು ಅಂಗೈ ಮೇಲೆ ಕೂರುವಷ್ಟಿದ್ದಳು. ಬೆಳ್ಳಗಿದ್ದಳು, ಅತ್ತೆಯವರು ಬೊಳ್ಳಿ ಅಂದರು. ತುಳುವಿನಲ್ಲಿ ಬೆಳ್ಳಿ ಅಂತ.

ಅಪಘಾತ ಆದ ಮೇಲೆ ಎಲ್ಲರೂ ಹೇಳಿದ್ದು ಒಂದೇ ಮಾತು. "ಕಟ್ಟಿ ಹಾಕಿ ಟೀಚರೇ." ತೋಟದ ಕೆಲಸಕ್ಕೆ ಬರುವ ಅಣ್ಣ ಹೇಳಿದರು, ಹಾಲಿನ ಸೊಸೈಟಿಯಲ್ಲಿ ಹೇಳಿದರು, ನಮ್ಮ ಮನೆಯವರೂ ಹೇಳಿದರು. ನನಗೆ ಮನಸ್ಸು ಒಪ್ಪಲಿಲ್ಲ. ದಿನವಿಡೀ ಸಂಕೋಲೆಯಲ್ಲಿರುವ ನಾಯಿಯನ್ನು ನೋಡಿದ್ದೀರಲ್ವಾ? ಗೂಟದ ಸುತ್ತ ಹುಲ್ಲೂ ಬೆಳೆಯದ ಒಂದು ಉರುಟು ನೆಲ ಆಗಿರುತ್ತದೆ. ಅದರ ಪ್ರಪಂಚ ಅಷ್ಟೇ. ಕುತ್ತಿಗೆಯ ಕೂದಲು ಉದುರಿ ಗಾಯ ಆಗುತ್ತದೆ. ಬಂದವರ ಮೇಲೆಲ್ಲ ಹಾರಲು ಕಲಿಯುತ್ತದೆ, ಯಾಕೆಂದರೆ ಹೆದರಿಕೆ ಆದರೆ ದೂರ ಹೋಗಲು ಅದಕ್ಕೆ ದಾರಿ ಇಲ್ಲ. ಇತ್ತೀಚೆಗೆ ಕಾರಡ್ಕ, ಮುಳಿಯಾರು ಕಡೆ ಚಿರತೆ ಮನೆ ಅಂಗಳಕ್ಕೇ ಬಂದು ನಾಯಿ ಹಿಡಿದ ಸುದ್ದಿಗಳನ್ನು ಓದುತ್ತೇವೆ. ರಾತ್ರಿ ಹೊರಗೆ ಕಟ್ಟಿ ಹಾಕಿದ ನಾಯಿ ಎಲ್ಲಿಗೆ ಓಡಬೇಕು?

ಹಾಗಾಗಿ ಕಟ್ಟುವುದಿಲ್ಲ ಅಂತ ನಿರ್ಧಾರ ಮಾಡಿದೆ. ಆದರೆ ಅಷ್ಟು ಹೇಳಿದರೆ ಸಾಕಾಗುವುದಿಲ್ಲ. ಅವಳು ಹೊರಗೆ ಹೋಗದ ಹಾಗೆ ಮಾಡುವ ಜವಾಬ್ದಾರಿ ಪೂರ್ತಿ ನನ್ನ ಮೇಲೆ ಬಂತು.

ಮೊದಲು ಮಾಡಿದ ತಪ್ಪು ಹೇಳುತ್ತೇನೆ. ಅವಳು ತೋಡಿದ ಗುಂಡಿ ಹುಡುಕಿ, ಮುಚ್ಚಿ, ಮೇಲೆ ಒಂದು ಕಲ್ಲಿಟ್ಟೆ. ಪ್ಲಾಸ್ಟರ್ ಬಿಚ್ಚಿ ಹತ್ತು ದಿನ ಆಗಿರಲಿಲ್ಲ, ಆ ಕಲ್ಲಿನಿಂದ ಎರಡು ಅಡಿ ಆಚೆ ಇನ್ನೊಂದು ಗುಂಡಿ. ಅದಕ್ಕೂ ಕಲ್ಲು. ಮತ್ತೆ ಇನ್ನೊಂದು. ಆಗ ತೋಟದ ಅಣ್ಣ ಹೇಳಿದ ಮಾತು ನನ್ನ ಕಣ್ಣು ತೆರೆಸಿತು. ಅವರು ಹಂದಿ ಕಾಟಕ್ಕೆ ವರ್ಷಗಟ್ಟಲೆ ತೋಟ ಕಾದವರು. "ಅಕ್ಕಾ, ಹಂದಿ ಎಲ್ಲಿಂದ ಬಂತು ಅಂತ ನೋಡಿ ಪ್ರಯೋಜನ ಇಲ್ಲ. ಎಷ್ಟು ಹೊತ್ತಿಗೆ ಬಂತು, ಎಂತಕ್ಕೆ ಬಂತು ಅಂತ ನೋಡಬೇಕು."

ಒಂದು ಶನಿವಾರ ಹಾಗೇ ಮಾಡಿದೆ. ಶಾಲೆಗೆ ಹೋಗುವ ಹಾಗೆಯೇ ಸೀರೆ ಉಟ್ಟು, ಚೀಲ ಹಿಡಿದು, ಕೊಡೆ ತೆಗೆದುಕೊಂಡು ಗೇಟು ಹಾಕಿ ಹೊರಟೆ. ಇಚ್ಚನ ಮನೆ ಕಡೆಯಿಂದ ಸುತ್ತಿ ಬಂದು ತೋಟದ ಪಂಪ್‌ಶೆಡ್ಡಿನ ಕಿಟಕಿಯ ಹಿಂದೆ ಕೂತೆ. ಅಲ್ಲಿಂದ ನಮ್ಮ ಹಿತ್ತಿಲು ಪೂರ್ತಿ ಕಾಣುತ್ತದೆ. ಗಾಳಿ ನಮ್ಮ ಮನೆಯ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತು, ಅದು ಒಳ್ಳೆಯದಾಯಿತು. ಇಲ್ಲದಿದ್ದರೆ ವಾಸನೆಯಿಂದಲೇ ಹಿಡಿಯುತ್ತಿದ್ದಳು.

ಬೊಳ್ಳಿ ಗೇಟಿನ ಸಂದಿಗೆ ಮೂಗು ಇಟ್ಟು ಮಲಗಿದ್ದಳು. ಅಳುತ್ತಿರಲಿಲ್ಲ, ಬೊಗಳುತ್ತಿರಲಿಲ್ಲ. ಕಿವಿ ಮಾತ್ರ ಅಲ್ಲಾಡುತ್ತಿತ್ತು. ಒಂಬತ್ತೂಕಾಲಿಗೆ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿತು. ಅವಳು ಎದ್ದಳು. ಅಂಗಳದಲ್ಲಿ ಎಲ್ಲೂ ಸುಮ್ನೆ ತಿರುಗಲಿಲ್ಲ. ನೇರ ಹಿತ್ತಿಲಿನ ತೆಂಕು ಮೂಲೆಗೆ ಬಂದಳು, ಪಾಗಾರಕ್ಕೆ ಬಲೆ ಸೇರುವ ಜಾಗಕ್ಕೆ. ಮಾಡಿನ ನೀರೆಲ್ಲ ಬಂದು ಬೀಳುವ ಮೂಲೆ ಅದು. ಬೇರೆ ಕಡೆ ನೆಲ ಮುರಕಲ್ಲು, ಪಿಕ್ಕಾಸಿಗೂ ಬಗ್ಗುವುದಿಲ್ಲ. ಅಲ್ಲಿ ಮಾತ್ರ ಮನೆ ಕಟ್ಟುವಾಗ ತುಂಬಿಸಿದ ಮಣ್ಣು, ಮಳೆಗೆ ಮೆತ್ತಗಾಗಿತ್ತು.

ಮೊದಲು ಮೂಸಿದಳು. ಆಮೇಲೆ ಎರಡೂ ಮುಂಗಾಲು ಸೇರಿಸಿ ತೋಡಲು ಶುರು ಮಾಡಿದಳು. ಮಣ್ಣು ಹಿಂಗಾಲುಗಳ ನಡುವಿನಿಂದ ಹಿಂದೆ ಹಾರುತ್ತಿತ್ತು. ಹತ್ತು ಸಲ ತೋಡಿ ನಿಲ್ಲಿಸುತ್ತಾಳೆ, ಮೂಗನ್ನು ಬಲೆಯ ಅಡಿಗೆ ಹಾಕಿ ಮೇಲಕ್ಕೆ ಎತ್ತಿ ನೋಡುತ್ತಾಳೆ, ಮತ್ತೆ ತೋಡುತ್ತಾಳೆ. ಮೂಗು ಹೋದರೆ ತಲೆ ಹೋಗುತ್ತದೆ, ತಲೆ ಹೋದರೆ ಒಂದು ಭುಜ. ಆ ಭುಜವನ್ನು ಓರೆ ಮಾಡಿ ಒತ್ತಿದಾಗ ಬಲೆ ಕುಪ್ಪಸದ ಅಂಚಿನ ಹಾಗೆ ಮೇಲೆ ಎದ್ದಿತು. ನಾನು ಕಣ್ಣಾರೆ ಕಂಡೆ. ಬೆನ್ನು ಉಜ್ಜಿದಲ್ಲಿ ನಾಲ್ಕು ಬಿಳಿ ಕೂದಲು ತಂತಿಗೆ ಸಿಕ್ಕಿಕೊಂಡಿತು. ಇಷ್ಟಕ್ಕೂ ಏಳು ನಿಮಿಷ ಆಗಿರಲಿಲ್ಲ. ಕರಿಯ ಹಲಸಿನ ಮರದ ಬುಡದಲ್ಲಿ ಕೂತು ಎಲ್ಲ ನೋಡುತ್ತಿದ್ದ.

ಹೊರಗೆ ಬಂದ ಬೊಳ್ಳಿ ಇಚ್ಚನ ಕೋಳಿಗಳ ಕಡೆ ತಿರುಗಿಯೂ ನೋಡಲಿಲ್ಲ. ನೆಲ ಮೂಸುತ್ತ, ಪಾಗಾರದ ಬದಿಯಿಂದ ಸುತ್ತಿ, ನಾನು ನಡೆದು ಹೋದ ದಾರಿಗೆ ಸೇರಿದಳು. ನಾನು ಓಡಿ ಹೋಗಿ ಅಡ್ಡ ನಿಂತೆ. ಅವಳ ಸಂತೋಷ ನೋಡಬೇಕಿತ್ತು.

ಅವಳು ದಿನಾ ನನ್ನನ್ನು ಹುಡುಕಿಕೊಂಡು ಬಸ್‌ಸ್ಟಾಪಿಗೆ ಬರುತ್ತಿದ್ದಳು. ಎಷ್ಟು ದಿನ ಹಾಗೆ ಬಂದು, ಬಸ್ಸು ಹೋದ ಮೇಲೆ ತಲುಪಿ, ಖಾಲಿ ಸ್ಟಾಪ್ ನೋಡಿ ವಾಪಸ್ ಹೋಗಿದ್ದಾಳೋ. ಬಸ್ಸು ತಡವಾಗಿದ್ದ ಒಂದು ದಿನ ಮಾತ್ರ ನನಗೆ ಸಿಕ್ಕಿದಳು. ಇದು ಗೊತ್ತಾದ ಮೇಲೆ ಎರಡು ದಿನ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಆ ಮೂಲೆಯನ್ನು ಸರಿ ಮಾಡಿದ್ದು ಹೀಗೆ. ಬಲೆಯ ಕೆಲಸ ಮಾಡಿದವರು ಮೇಲೆ ಮತ್ತು ನಡುವೆ ಮಾತ್ರ ಅಡ್ಡ ತಂತಿ ಎಳೆದಿದ್ದರು, ಕೆಳಗೆ ಎಳೆದಿರಲಿಲ್ಲ. ಚೈನ್‌ಲಿಂಕ್ ಬಲೆಗೆ ಕೆಳಗಿನ ತಂತಿಯೇ ಮುಖ್ಯ. ಅದಿಲ್ಲದಿದ್ದರೆ ಎಷ್ಟು ದಪ್ಪದ ಬಲೆಯಾದರೂ ಪರದೆಯ ಹಾಗೆ ಎತ್ತಬಹುದು. ದಪ್ಪ ಜಿಐ ತಂತಿ ತಂದು ಕಂಬದಿಂದ ಕಂಬಕ್ಕೆ ಬಿಗಿದು, ಅರ್ಧ ಅಡಿಗೊಂದು ಕಡೆ ಬೈಂಡಿಂಗ್ ವಯರಿನಿಂದ ಬಲೆಗೆ ಕಟ್ಟಿದೆವು.

ಆಮೇಲೆ ನೆಲ. ಬಲೆಯನ್ನು ಎರಡು ಅಡಿ ಆಳಕ್ಕೆ ಹೂಳಬೇಕು ಅಂತ ಹೇಳುವವರಿದ್ದಾರೆ. ನಮ್ಮ ಮುರಕಲ್ಲಿನ ನೆಲದಲ್ಲಿ ಎರಡು ಅಡಿ ಚರಂಡಿ ತೆಗೆಯಬೇಕಾದರೆ ಯಂತ್ರ ಬೇಕು. ಅದರ ಅಗತ್ಯವೂ ಇಲ್ಲ. ನಾಯಿ ತೋಡುವುದು ಯಾವಾಗಲೂ ಬೇಲಿಗೆ ಮೂಗು ತಾಗುವ ಜಾಗದಲ್ಲಿ. ಎರಡು ಅಡಿ ಹಿಂದೆ ಸರಿದು ತೋಡಿದರೆ ದಾಟಬಹುದು ಅಂತ ಅದಕ್ಕೆ ಹೊಳೆಯುವುದು ಕಡಿಮೆ. ಅದಕ್ಕೇ ಎರಡು ಅಡಿ ಅಗಲದ ವೆಲ್ಡ್ ಮೆಶ್ ತಂದು, ಒಂದು ಅಂಚನ್ನು ಬೇಲಿಯ ಬುಡಕ್ಕೆ ಕಟ್ಟಿ, ಉಳಿದದ್ದನ್ನು ಹಿತ್ತಿಲಿನ ಒಳಬದಿಗೆ ನೆಲದ ಮೇಲೆ ಚಾಪೆಯ ಹಾಗೆ ಹಾಸಿದೆವು. ಒಳಬದಿಗೆ ಅನ್ನುವುದು ಮರೆಯಬೇಡಿ. ಹೊರಬದಿಗೆ ಹಾಸಿದರೆ ಹೊರಗಿನ ನಾಯಿ ಒಳಗೆ ಬರುವುದು ತಪ್ಪುತ್ತದೆ, ನಮ್ಮದು ಹೋಗುವುದು ತಪ್ಪುವುದಿಲ್ಲ. ಮೆಶ್ಶಿನ ತುದಿಗಳನ್ನು ಕಾಲಿಗೆ ಚುಚ್ಚದ ಹಾಗೆ ಮಡಚಿ, ಮೇಲೆ ಒಡೆದ ಮುರಕಲ್ಲಿನ ತುಂಡುಗಳನ್ನಿಟ್ಟು, ಸ್ವಲ್ಪ ಮಣ್ಣು ಹಾಕಿದೆವು. ಒಂದೇ ಮಳೆಗಾಲದಲ್ಲಿ ಹುಲ್ಲು ಬಂದು ಮೆಶ್ ಇದೆ ಅಂತಲೇ ಗೊತ್ತಾಗದ ಹಾಗಾಯಿತು.

ನೈಲಾನ್ ಬಲೆ ಮಾತ್ರ ಬೇಡ. ಅಗ್ಗ ಅಂತ ಮೊದಲು ಒಂದು ತುಂಡು ಕಟ್ಟಿದ್ದೆ. ವಾರದೊಳಗೆ ಒಂದು ಕೇರೆ ಹಾವು ಸಿಕ್ಕಿಕೊಂಡಿತು. ನಮ್ಮ ಮನೆಯವರು ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿ ಬಿಡಿಸುವಷ್ಟರಲ್ಲಿ ಅರ್ಧ ದಿನ ಹೋಯಿತು.

ಅದೇ ಮೂಲೆಯಲ್ಲಿ ಮಳೆನೀರು ಹೊರಗೆ ಹೋಗಲು ಪಾಗಾರದ ಬುಡದಲ್ಲಿ ಒಂದು ಕಂಡಿ ಇದೆ. ಅದಕ್ಕೂ ಬಲೆ ಬಿಗಿದಿದ್ದೆ. ಮೊದಲ ಜೋರು ಮಳೆಗೇ ಹಲಸಿನ ಎಲೆ, ಅಡಕೆ ಸೋಗೆಯ ಚೂರು ಎಲ್ಲ ಬಂದು ಬಲೆಗೆ ಅಂಟಿತು. ನೀರು ನಿಂತು ಅಡುಗೆಕೋಣೆಯ ಮೆಟ್ಟಿಲಿನವರೆಗೆ ಬಂತು. ಬಲೆ ಕಿತ್ತು ಹಾಕಿ, ಕಬ್ಬಿಣದ ಸರಳುಗಳನ್ನು ಮೂರು ಇಂಚಿಗೊಂದರಂತೆ ನೇರ ನಿಲ್ಲಿಸಿ ಸಿಮೆಂಟ್ ಹಾಕಿಸಿದೆ. ಈಗ ಎಲೆ ಹೋಗುತ್ತದೆ, ನೀರು ಹೋಗುತ್ತದೆ, ನಾಯಿ ಹೋಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಇಲ್ಲಿ ಬೇಲಿ ಹಾಕುವವರು ನೀರಿನ ದಾರಿಯನ್ನು ಮೊದಲೇ ಯೋಚಿಸಬೇಕು.

ನೆಲ ಗಟ್ಟಿಯಾಯಿತು. ಬೊಳ್ಳಿಯ ಮನಸ್ಸಿಗೆ ಏನು ಮಾಡುವುದು? ನಾನು ಹೋದ ಕೂಡಲೇ ಅವಳು ಗೇಟಿನ ಬಳಿ ಹೋಗಿ ಮಲಗುವುದು ನಿಂತಿರಲಿಲ್ಲ. ಮೃಗಾಸ್ಪತ್ರೆಯ ಡಾಕ್ಟರು ಒಂದು ಉಪಾಯ ಹೇಳಿದರು. ಹೊರಡುವ ತಯಾರಿಯನ್ನು ಹೊರಡದೆಯೇ ಮಾಡಿ ಅಂದರು. ರಜೆಯ ದಿನಗಳಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ಚಾವಡಿಯಲ್ಲೇ ಕೂತೆ. ಕೊಡೆ ಹಿಡಿದು ಬಾವಿಕಟ್ಟೆಯವರೆಗೆ ಹೋಗಿ ಬಂದೆ. ಗೇಟು ತೆರೆದು, ಹಾಕಿ, ಒಂದು ನಿಮಿಷದಲ್ಲಿ ಒಳಗೆ ಬಂದೆ. ಆಮೇಲೆ ಐದು ನಿಮಿಷ, ಆಮೇಲೆ ಅರ್ಧ ಗಂಟೆ. ಹೋಗುವಾಗ ಮುದ್ದು ಮಾಡುವುದು, "ಬೇಗ ಬರ್ತೇನೆ ಮಗಾ" ಅನ್ನುವುದು ಎಲ್ಲ ಬಿಟ್ಟೆ. ಅದು ನನಗೇ ಜಾಸ್ತಿ ಕಷ್ಟವಾಯಿತು.

ಬೆಳಿಗ್ಗೆ ಆರು ಗಂಟೆಗೆ ಇಬ್ಬರನ್ನೂ ಹಗ್ಗ ಹಾಕಿ ಅಡ್ಕದವರೆಗೆ, ಅಂದರೆ ಮುರಕಲ್ಲಿನ ಬಯಲಿನವರೆಗೆ ನಡೆಸುತ್ತೇನೆ, ಮುಕ್ಕಾಲು ಗಂಟೆ. ಅಲ್ಲಿ ಅವಳು ಮೂಸಲು ನಿಂತರೆ ಎಳೆಯುವುದಿಲ್ಲ. ನಮಗೆ ಪೇಪರ್ ಓದಿದ ಹಾಗೆ ಅದು. ಹೊರಡುವ ಹೊತ್ತಿಗೆ ಗಟ್ಟಿ ರಬ್ಬರಿನ ಟೊಳ್ಳು ಆಟಿಕೆಯೊಂದರಲ್ಲಿ ಅನ್ನ ಮತ್ತು ಮುಳ್ಳು ತೆಗೆದ ಬೂತಾಯಿ ಮೀನು ಒತ್ತಿ ತುಂಬಿಸಿ ಕೊಡುತ್ತೇನೆ. ಅದನ್ನು ನೆಕ್ಕಿ ಮುಗಿಸಲು ಅವಳಿಗೆ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆದದ್ದು ಅತ್ತೆಯವರಿಂದ. ನಾಯಿ ಚಾವಡಿ ಹತ್ತಬಾರದು ಅಂತ ಇದ್ದವರು, ಪ್ಲಾಸ್ಟರ್ ಹಾಕಿದ ದಿನಗಳಲ್ಲಿ ಬೊಳ್ಳಿಯ ಜೊತೆ ಮಾತಾಡಿ ಮಾತಾಡಿ ಮೆತ್ತಗಾದರು. ಈಗ ಹಗಲಿಡೀ ಅವಳು ಅವರ ಕುರ್ಚಿಯ ಬುಡದಲ್ಲಿ. "ಒಬ್ಬಳೇ ಕೂರುವುದಕ್ಕಿಂತ ಇದು ವಾಸಿ" ಅಂತ ಅತ್ತೆ. ಅವಳಿಗೂ ಹಾಗೇ ಅನ್ನಿಸಿರಬೇಕು.

ಕರಿಯನ ಕತೆಯೇ ಬೇರೆ. ಅವನು ಮಣ್ಣು ಮುಟ್ಟುವವನಲ್ಲ. ಸೋಣ ತಿಂಗಳು ಕಳೆದು ಮಳೆ ಕಡಿಮೆಯಾಗುವ ಹೊತ್ತಿಗೆ ಪ್ರತಿ ವರ್ಷ ಪಾಗಾರ ಹತ್ತಿ ಹೋಗುತ್ತಿದ್ದ. ಎರಡು ದಿನ, ಮೂರು ದಿನ ಬಿಟ್ಟು ಕಿವಿ ಹರಿದುಕೊಂಡು ಬರುತ್ತಿದ್ದ. ಬೆದೆಗೆ ಬಂದ ಹೆಣ್ಣುನಾಯಿಯ ವಾಸನೆ ಎಷ್ಟೋ ದೂರದಿಂದ ಅವನಿಗೆ ತಿಳಿಯುತ್ತದೆ. ನಾಲ್ಕು ಅಡಿಯ ಪಾಗಾರ ಆಗ ಅವನಿಗೆ ಲೆಕ್ಕವೇ ಅಲ್ಲ. ಒಂದು ಸಲ ವಾಪಸ್ ಬರುವ ದಾರಿಯಲ್ಲಿ ಇಚ್ಚನ ಎರಡು ಕೋಳಿ ಹಿಡಿದ. ನಾನು ದುಡ್ಡು ಹಿಡಿದು ಹೋದೆ. ಇಚ್ಚ ತೆಗೆದುಕೊಳ್ಳಲಿಲ್ಲ. "ದುಡ್ಡು ಬೇಡ ಟೀಚರೇ. ಮೊಮ್ಮಗಳು ಅಂಗಳದಲ್ಲಿ ಆಡ್ತಾಳೆ, ಅದೊಂದು ಹೆದರಿಕೆ" ಅಂದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನಮ್ಮ ನಾಯಿ ನಮಗೆ ಮಗು, ಪಕ್ಕದ ಮನೆಯ ಮಗುವಿಗೆ ಅದು ಹಲ್ಲಿರುವ ಪ್ರಾಣಿ. ಬೇಲಿ ಸರಿ ಇರಬೇಕಾದ್ದು ಅವರಿಗಾಗಿಯೂ ಹೌದು.

ಕರಿಯನಿಗೆ ಆಪರೇಷನ್ ಮಾಡಿಸಿದೆ. ಬೊಳ್ಳಿಗೆ ಕಾಲು ಗುಣವಾದ ಮೇಲೆ ಮಾಡಿಸಿದ್ದು. ಬೀಜ ತೆಗೆಸುವುದು ಪಾಪ ಅಂತ ಮನೆಯಲ್ಲಿ ಎರಡು ದಿನ ಮಾತು ನಡೆಯಿತು. ಹೆಣ್ಣುನಾಯಿ 63 ದಿನ ಹೊತ್ತು ಹೆತ್ತ ಮರಿಗಳನ್ನು ಗೋಣಿಯಲ್ಲಿ ತುಂಬಿಸಿ ಪೇಟೆಯಲ್ಲಿ ಬಿಟ್ಟು ಬರುವುದಕ್ಕಿಂತ ಇದು ದೊಡ್ಡ ಪಾಪವಾ ಅಂತ ಕೇಳಿದೆ. ಮತ್ತೆ ಯಾರೂ ಮಾತಾಡಲಿಲ್ಲ. ಮಾಡಿಸಿದ ಮರುದಿನವೇ ತಿರುಗಾಟ ನಿಲ್ಲುವುದಿಲ್ಲ, ಕೆಲವು ವಾರ ಬೇಕು ಅಂತ ಡಾಕ್ಟರು ಹೇಳಿದ್ದರು. ಹಾಗೇ ಆಯಿತು. ವಯಸ್ಸಾದ ಗಂಡುನಾಯಿಗೆ ಹಳೇ ಅಭ್ಯಾಸ ಸ್ವಲ್ಪ ಉಳಿದೇ ಇರುತ್ತದೆ, ಆದ್ದರಿಂದ ಪಾಗಾರವನ್ನೂ ನೋಡಬೇಕಾಯಿತು.

ಅವನು ಹೇಗೆ ಹತ್ತುತ್ತಾನೆ ಅಂತ ನೋಡಿದರೆ, ಹಾರುವುದೇ ಇಲ್ಲ. ಬಟ್ಟೆ ಒಗೆಯುವ ಕಲ್ಲು, ಅದರಿಂದ ಕಟ್ಟಿಗೆ ರಾಶಿ, ಅಲ್ಲಿಂದ ಮುಂಗಾಲನ್ನು ಪಾಗಾರದ ಮೇಲಂಚಿಗೆ ಕೊಕ್ಕೆಯ ಹಾಗೆ ಹಾಕಿ, ಹಿಂಗಾಲಿನಿಂದ ಗೋಡೆ ತುಳಿದು ಮೇಲೆ. ಮೆಟ್ಟಿಲನ್ನು ನಾವೇ ಇಟ್ಟುಕೊಟ್ಟಿದ್ದೆವು. ಕಟ್ಟಿಗೆಯನ್ನು ಹಟ್ಟಿಗೆ ಸಾಗಿಸಿದೆವು. ಒಗೆಯುವ ಕಲ್ಲನ್ನು ನಾಲ್ಕು ಜನ ಸೇರಿ ಬಾವಿಯ ಹತ್ತಿರ ತಂದೆವು.

ಆ ಪಾಗಾರದ ಮೇಲೆ ಮೊದಲಿನಿಂದ ಬಾಟಲಿ ಚೂರು ನೆಟ್ಟಿತ್ತು. ಎಲ್ಲರ ಮನೆಯಲ್ಲೂ ಇರುತ್ತದಲ್ವಾ, ನಾವೂ ಯೋಚನೆ ಮಾಡಿರಲಿಲ್ಲ. ಕರಿಯನ ಪಾದದ ಮೆತ್ತೆ ಎರಡು ಸಲ ಸೀಳಿದೆ. ಸೀಳಿದರೂ ಅವನು ಹೋಗುವುದನ್ನು ಬಿಡಲಿಲ್ಲ, ರಕ್ತ ಸುರಿಸಿಕೊಂಡು ಹೋದ. ಗಾಜು ನಾಯಿಯನ್ನು ತಡೆಯುವುದಿಲ್ಲ, ಗಾಯ ಮಾತ್ರ ಮಾಡುತ್ತದೆ. ಮುಳ್ಳುತಂತಿಯೂ ಹಾಗೇ. ಹಂದಿಗೆ ಹಾಕುವ ಸೋಲಾರ್ ಬೇಲಿಯನ್ನು ಹಿತ್ತಿಲಿಗೂ ಎಳೆಯಿರಿ ಅಂದವರಿದ್ದರು. ದಿನಾ ಆಡುವ ಜಾಗದಲ್ಲಿ ಶಾಕ್ ಹೊಡೆಸಿಕೊಂಡ ನಾಯಿ ಆ ಜಾಗಕ್ಕೇ ಹೆದರುತ್ತದೆ, ನಮಗೂ ಹೆದರುತ್ತದೆ. ನಾನು ಒಪ್ಪಲಿಲ್ಲ. ಉಳಿ ತಂದು ಗಾಜೆಲ್ಲ ಒಡೆದು ತೆಗೆಸಿದೆ.

ಅದರ ಬದಲು ಹಾಕಿದ್ದು ಉರುಳುವ ಪೈಪು. ತೋಟಕ್ಕೆ ನೀರು ಹಾಯಿಸಿ ಉಳಿದ ಪಿವಿಸಿ ಪೈಪುಗಳು ಮನೆಯಲ್ಲೇ ಇದ್ದವು. ಪಾಗಾರದ ಮೇಲೆ ಆರು ಅಡಿಗೊಂದು ಕಬ್ಬಿಣದ ಆಂಗಲ್ ನಿಲ್ಲಿಸಿ, ನಡುವೆ ದಪ್ಪ ತಂತಿ ಎಳೆದೆವು. ತಂತಿಗೆ ಒಂದಿಂಚಿನ ಪೈಪು, ಅದರ ಹೊರಗೆ ಮೂರಿಂಚಿನ ಪೈಪು ತೂರಿಸಿದೆವು. ಮುಂಗಾಲು ಇಟ್ಟರೆ ಪೈಪು ಗಿರ್ರನೆ ತಿರುಗುತ್ತದೆ, ಹಿಡಿತ ಸಿಗುವುದಿಲ್ಲ, ನಾಯಿ ಮೆಲ್ಲನೆ ಒಳಗೇ ಇಳಿಯುತ್ತದೆ. ನೋವಿಲ್ಲ, ಗಾಯ ಇಲ್ಲ. ಕರಿಯ ಮೊದಲ ದಿನ ನಾಲ್ಕು ಸಲ ನೋಡಿದ. ಎರಡನೇ ದಿನ ಒಂದು ಸಲ. ಆಮೇಲೆ ಹಲಸಿನ ಬುಡಕ್ಕೆ ಹೋಗಿ ಮಲಗಿದ.

ತೋಟಕ್ಕೆ ನವಿಲುಗಳು ಬರುತ್ತವೆ. ಬಲೆಯ ಆಚೆ ಅವು ಓಡಾಡುವುದು ಕಂಡರೆ ಇಬ್ಬರಿಗೂ ತಡೆಯುವುದಿಲ್ಲ. ಅದಕ್ಕೆ ಅತ್ತೆಯವರು ತೆಂಗಿನ ಮಡಲು ಹೆಣೆದು ಕೊಟ್ಟರು. ಬಲೆಗೆ ಮೂರು ಅಡಿ ಎತ್ತರಕ್ಕೆ ಕಟ್ಟಿದ್ದೇವೆ. ಕಣ್ಣಿಗೆ ಕಾಣದಿದ್ದರೆ ಅರ್ಧ ಗಲಾಟೆ ಕಡಿಮೆ. ಹಸುರು ನೆರಳುಬಲೆಯೂ ಆಗುತ್ತದೆ. ನಮ್ಮಲ್ಲಿ ಮಡಲಿಗೆ ದುಡ್ಡು ಬೇಡ, ವರ್ಷಕ್ಕೊಮ್ಮೆ ಬದಲಾಯಿಸಿದರಾಯಿತು.

ಗೇಟಿನದ್ದು ಬೇರೆಯೇ ಸಮಸ್ಯೆ. ಗ್ಯಾಸಿನವರು, ಪೋಸ್ಟಿನವರು, ಮೀನಿನವರು ಬಂದಾಗ ತೆರೆದ ಗೇಟಿನಿಂದ ಓಡುವ ನಾಯಿಗೆ ಯಾವ ಬೇಲಿಯೂ ಇಲ್ಲ. ನಮ್ಮ ಹಳೇ ಮನೆಯಲ್ಲಿ ತಡಮೆ ಇತ್ತು, ಮನುಷ್ಯ ಕಾಲೆತ್ತಿ ದಾಟುತ್ತಾನೆ, ದನ ದಾಟುವುದಿಲ್ಲ. ಅದನ್ನೇ ನೆನಪಿಟ್ಟು, ಗೇಟಿನಿಂದ ಆರು ಅಡಿ ಒಳಗೆ ಅಡಕೆ ಮರದ ಸಲಾಕೆಯ ಇನ್ನೊಂದು ಸಣ್ಣ ಗೇಟು ಮಾಡಿಸಿದೆ. ಒಂದು ಹಾಕಿದ ಮೇಲೆ ಇನ್ನೊಂದು ತೆರೆಯುವುದು. ಮನೆಗೆ ಬಂದವರೆಲ್ಲ ಕಲಿತುಬಿಟ್ಟಿದ್ದಾರೆ.

ಇನ್ನೊಂದು ವಿಷಯ ಹೇಳದೆ ಇದ್ದರೆ ಈ ಬರಹ ಸುಳ್ಳಾಗುತ್ತದೆ. ಬೊಳ್ಳಿ ಮರಿಯಾಗಿದ್ದಾಗ ಹೊರಗೆ ಹೋಗಿ ವಾಪಸ್ ಬಂದರೆ ನಾನು ಹಿಡಿಸೂಡಿಯಿಂದ ಎರಡು ಬಾರಿಸುತ್ತಿದ್ದೆ. ಬುದ್ಧಿ ಬರಲಿ ಅಂತ. ಹೋದದ್ದಕ್ಕೆ ಹೊಡೆದರು ಅಂತ ನಾಯಿಗೆ ತಿಳಿಯುವುದಿಲ್ಲ. ಮನೆಗೆ ಬಂದದ್ದಕ್ಕೆ ಹೊಡೆದರು ಅಂತ ತಿಳಿಯುತ್ತದೆ. ಆಮೇಲೆ ಅವಳು ತಪ್ಪಿಸಿಕೊಂಡರೆ ನಾನು ಕರೆದಾಗ ದೂರದಲ್ಲೇ ನಿಲ್ಲುತ್ತಿದ್ದಳು. ಅದನ್ನು ಸರಿ ಮಾಡಲು ನಾಲ್ಕು ತಿಂಗಳು ಬೇಕಾಯಿತು. ಹೊಸ ಮಾತು ಇಟ್ಟುಕೊಂಡೆ, "ಬಲ." ತುಳುವಿನ ಬಲ, ಬಾ ಅಂತ ಅರ್ಥ. ಹೆಸರು ಕರೆಯುವುದಿಲ್ಲ, ಬಲ ಅಂದರೆ ಮಾತ್ರ ಬರಬೇಕು, ಬಂದರೆ ಪ್ರತಿ ಸಲ ಒಂದು ತುಂಡು ಬೂತಾಯಿ. ಎಷ್ಟೇ ಕೋಪ ಇದ್ದರೂ ಬಂದ ನಾಯಿಗೆ ಬೈಯುವ ಹಾಗಿಲ್ಲ. "ನಿಲ್ಲು" ಅನ್ನುವುದನ್ನೂ ಬೇರೆಯಾಗಿ ಕಲಿಸಿದ್ದೇನೆ, ರಸ್ತೆಯ ಆಚೆ ಈಚೆ ನಿಂತು, ಹಗ್ಗ ಹಿಡಿದುಕೊಂಡು. ಅದನ್ನು ಕಲಿಸುವಾಗ ಪ್ರತಿ ಸಲ ಆ ಜೂನ್ ತಿಂಗಳ ಬೆಳಿಗ್ಗೆ ನೆನಪಾಗುತ್ತದೆ.

ಇಬ್ಬರಿಗೂ ಕಾಲರಿನಲ್ಲಿ ಫೋನ್ ನಂಬರ್ ಕೊರೆಸಿದ ಬಿಲ್ಲೆ ಇದೆ. ವರ್ಷ ವರ್ಷ ರೇಬೀಸ್ ಚುಚ್ಚುಮದ್ದು ತಪ್ಪಿಸುವುದಿಲ್ಲ. ಕೇರಳದಲ್ಲಿ ನಾಯಿ ಸಾಕಲು ಪಂಚಾಯತಿನ ಲೈಸನ್ಸ್ ಬೇಕು, ಅದಕ್ಕೆ ಚುಚ್ಚುಮದ್ದಿನ ಸರ್ಟಿಫಿಕೇಟ್ ಕೇಳುತ್ತಾರೆ. ಬೇಲಿ ಎಷ್ಟು ಗಟ್ಟಿ ಇದ್ದರೂ ಇದು ಬೇಕೇ ಬೇಕು.

ಇಷ್ಟೆಲ್ಲ ಆದ ಮೇಲೆ ಕಳೆದ ವರ್ಷ ಜನವರಿಯಲ್ಲಿ ಬೊಳ್ಳಿ ಇನ್ನೊಮ್ಮೆ ಹೋದಳು. ಕುಂಬಳೆಯ ಜಾತ್ರೆ. ಜಾತ್ರೆಯ ಸಿಡಿಮದ್ದಿಗೆ ನಾವು ಬೆಡಿ ಅನ್ನುವುದು, ಕುಂಬಳೆ ಬೆಡಿ ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಮನೆಯ ಹಂಚು ನಡುಗುತ್ತದೆ. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ನಾನೇ ಹೇಳಿಕೊಡುತ್ತೇನೆ, ಮನುಷ್ಯರ ಕಿವಿಗೆ 20,000 ಹರ್ಟ್ಸ್‌ವರೆಗಿನ ಶಬ್ದ ಕೇಳುತ್ತದೆ, ನಾಯಿಗೆ ಸುಮಾರು 45,000ದವರೆಗೆ ಅಂತ. ಆದರೂ ಆ ರಾತ್ರಿ ಇಬ್ಬರನ್ನೂ ಹಿತ್ತಿಲಿನಲ್ಲೇ ಬಿಟ್ಟಿದ್ದೆ, ಬೇಲಿ ಸರಿ ಇದೆಯಲ್ಲ ಅಂತ. ಮೊದಲ ಬೆಡಿಗೆ ಅವಳು ಸಲಾಕೆಯ ಗೇಟನ್ನು ಹಲ್ಲಿನಿಂದ ಕಿತ್ತು, ಎರಡು ಉಗುರು ಮುರಿದುಕೊಂಡು, ಹೊರಗಿನ ಗೇಟಿನ ಅಡಿಯಿಂದ ನುಸುಳಿ ಹೋಗಿದ್ದಳು. ಬೆಳಗಿನ ಜಾವ ಇಚ್ಚ ಫೋನ್ ಮಾಡಿದರು. ಅವರ ಮನೆಯ ಸೌದೆ ಕೊಟ್ಟಿಗೆಯಲ್ಲಿ ನಡುಗುತ್ತ ಕೂತಿದ್ದಳು. ಹತ್ತಿರ ಯಾರೂ ಹೋಗಬೇಡಿ ಅಂತ ಹೇಳಿ, ಅವರೇ ಬಾಗಿಲಲ್ಲಿ ಕುರ್ಚಿ ಹಾಕಿ ಕಾದಿದ್ದರು.

ಈ ವರ್ಷ ಜಾತ್ರೆಯ ದಿನ ಮಧ್ಯಾಹ್ನವೇ ಅಡ್ಕದಲ್ಲಿ ಒಳ್ಳೆ ನಡಿಗೆ ಮಾಡಿಸಿದೆ. ಸಂಜೆ ಬೇಗ ಊಟ ಹಾಕಿ, ಮನೆಯ ನಡುವಿನ ಕಿಟಕಿ ಇಲ್ಲದ ಉಗ್ರಾಣದಲ್ಲಿ ಗೋಣಿ ಹಾಸಿದೆ. ಫ್ಯಾನ್ ಜೋರಾಗಿ ಇಟ್ಟೆ, ರೇಡಿಯೋ ಹಾಕಿದೆ. ಬೆಡಿ ಶುರುವಾದಾಗ ಬೊಳ್ಳಿ ಬಂದು ನನ್ನ ಸೀರೆಯ ನಿರಿಗೆಯೊಳಗೆ ಮೂಗು ಹಾಕಿದಳು. ಅವಳ ಎದೆ ಬಡಿಯುವುದು ನನ್ನ ಕಾಲಿಗೆ ಗೊತ್ತಾಗುತ್ತಿತ್ತು. ಕರಿಯ ಅಕ್ಕಿ ಡಬ್ಬಿಗೆ ಬೆನ್ನು ಕೊಟ್ಟು ಕೂತಿದ್ದ. ಅತ್ತೆಯವರೂ ದಿಂಬು ತಂದು ಅಲ್ಲೇ ಒರಗಿದರು.

ಬೆಳಿಗ್ಗೆ ಎದ್ದು ದಿನದ ಹಾಗೆ ಬೇಲಿಗೆ ಒಂದು ಸುತ್ತು ಬಂದೆ. ಎಲ್ಲ ಸರಿ ಇತ್ತು. ತೆಂಕು ಮೂಲೆಯಲ್ಲಿ ಮಾತ್ರ ಹುಲ್ಲು ಕಿತ್ತು ಹೋಗಿ ಮೆಶ್ಶಿನ ನಾಲ್ಕು ಚೌಕ ಕಾಣುತ್ತಿತ್ತು. ಪಕ್ಕದಲ್ಲಿ ಹೊಸ ಉಗುರಿನ ಗೀರು. ಯಾವಾಗ ತೋಡಿದಳೋ. ತೋಟದ ಅಣ್ಣನಿಗೆ ಫೋನ್ ಮಾಡಿ, ಬರುವಾಗ ಎರಡು ದೊಡ್ಡ ಮುರಕಲ್ಲು ತನ್ನಿ ಅಂತ ಹೇಳಿದೆ.